ಪ್ಲಗ್ಗಿನ ಹೈಬ್ರಿಡ್ ಬಂಡಿ: ಅದರ ದೂರುಗಳೂ ಕಾರಣಗಳೂ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಹೊತ್ತಿಸಿದ ಊದುಕುಲುಮೆಯಲ್ಲಿ ಇದ್ದಿಲು ಎರಡು ಕೆಲಸಗಳನ್ನು ಮಾಡುತ್ತಿತ್ತು. ಅದಿರನ್ನು ಕರಗಿಸುವ ಶಾಖವನ್ನು ಒದಗಿಸುವುದು ಒಂದು. ಅದಿರಿನಲ್ಲಿರುವ ಆಮ್ಲಜನಕವನ್ನು ಕಳೆಯುವುದು ಇನ್ನೊಂದು. 1952ರಲ್ಲಿ ಅಲ್ಲಿಗೆ ವಿದ್ಯುತ್ ಕುಲುಮೆಗಳು ಬಂದಾಗ ಶಾಖದ ಹೊಣೆಯನ್ನು ಜೋಗದ ವಿದ್ಯುತ್ತು ಹೊತ್ತುಕೊಂಡಿತು. ಇಂಗಾಲಕ್ಕೆ ರಾಸಾಯನಿಕ ಕೆಲಸವಷ್ಟೇ ಉಳಿಯಿತು. ಒಂದೇ ಕೆಲಸಕ್ಕೆ ಎರಡು ಶಕ್ತಿಮೂಲಗಳನ್ನು ಹೂಡುವುದು ಈ ಸೀಮೆಗೆ ಹೊಸದೇನೂ ಅಲ್ಲ. ಈಗ ಅಂಥದೇ ಏರ್ಪಾಟು ಮೋಟಾರು ಬಂಡಿಯೊಳಗೆ ಬಂದು ಕುಳಿತಿದೆ. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಕೂಡಿ ಎಳೆಯುವ ಬಂಡಿಗೆ ಹೈಬ್ರಿಡ್ ಎಂದು ಹೆಸರು. ಫರ್ಡಿನೆಂಡ್ ಪೋರ್ಷೆ 1900ರಲ್ಲಿಯೇ ಇಂಥದೊಂದನ್ನು ಕಟ್ಟಿದ್ದನು.

ನಮ್ಮ ಬಿಡದಿಯಲ್ಲಿ 2022ರಿಂದ ತಯಾರಾಗುತ್ತಿರುವ ಟೊಯೋಟಾ ಹೈರೈಡರ್ ಹೈಬ್ರಿಡ್ಡಿನ ಬ್ಯಾಟರಿಯಲ್ಲಿ ಒಂದು ಯೂನಿಟ್ಟಿನಷ್ಟು ವಿದ್ಯುತ್ತೂ ಹಿಡಿಯುವುದಿಲ್ಲ. ಅದಕ್ಕೆ ಗೋಡೆಯ ಪ್ಲಗ್ಗಿನ ಹಂಗಿಲ್ಲ. ಎಂಜಿನ್ ತಿರುಗಿದಾಗಲೂ ಬ್ರೇಕು ಹಾಕಿದಾಗಲೂ ತನಗೆ ಬೇಕಾದುದನ್ನು ತಾನೇ ಗಳಿಸಿಕೊಳ್ಳುತ್ತದೆ. ನಾವು ಇಲ್ಲಿ ವಿಚಾರ ಮಾಡಹೊರಟಿರುವುದು ಬೇರೊಂದು ಬಗೆಯದು. ಕಾಡುದಾರಿಗೂ ಕಲ್ಲುದಾರಿಗೂ ಹೇಳಿಮಾಡಿಸಿದ, ಎರಡೂವರೆ ಟನ್ ತೂಗುವ, ರಾತ್ರಿ ಮನೆಯ ಸಾಕೆಟ್ಟಿನಿಂದ ವಿದ್ಯುತ್ತನ್ನು ತುಂಬಿಸಿಕೊಳ್ಳುವ ಬಂಡಿ. ಲ್ಯಾಂಡ್ ರೋವರ್ ಡಿಫೆಂಡರಿನ ಪ್ಲಗ್ ಮಾದರಿಯೊಂದರಲ್ಲಿ 19.2 ಯೂನಿಟ್ಟಿನ ಬ್ಯಾಟರಿಯುಂಟು. ಪೆಟ್ರೋಲಿಲ್ಲದೆ ಸುಮಾರು 43 ಕಿಲೋಮೀಟರ್ ಓಡುತ್ತದೆಂದು ಅದರ ಲೆಕ್ಕ.

ಶಿವಮೊಗ್ಗದ ವಿನೋಬನಗರದಲ್ಲಿ ಮನೆ, ಭದ್ರಾವತಿಯಲ್ಲಿ ಕೆಲಸ ಉಳ್ಳ ಒಬ್ಬ ಮಾಲೀಕನು ಇಂಥ ಬಂಡಿಯನ್ನು ಕೊಂಡನೆಂದು ಭಾವಿಸೋಣ. ಹೋಗಿಬರುವ ದಾರಿ ಸುಮಾರು 40 ಕಿಲೋಮೀಟರ್. ಅಂದರೆ ದಿನದ ಓಡಾಟವೆಲ್ಲ ವಿದ್ಯುತ್ತಿನಲ್ಲಿಯೇ ಮುಗಿದುಹೋಗುತ್ತದೆ. ಇದಕ್ಕಿಂತ ಅನುಕೂಲವಾದ ದೂರ ಮತ್ತೊಂದಿಲ್ಲವೆಂದು ತೋರಬಹುದು. ಆದರೆ ದೂರುಗಳು ಹುಟ್ಟುವುದೂ ಇಲ್ಲಿಂದಲೇ.

ಮೊದಲನೆಯ ದೂರು: “ಬ್ಯಾಟರಿ ತುಂಬಿದ್ದರೂ ಎಂಜಿನ್ ತಾನಾಗಿಯೇ ಶುರುವಾಗುತ್ತದೆ.” ಇದು ಕೆಡುಕಲ್ಲ. ವಾರಗಟ್ಟಲೆ ತಿರುಗದ ಎಂಜಿನ್ನಿನ ಒಳಮೈಯಿಂದ ಎಣ್ಣೆಯ ಪದರು ಇಳಿದುಹೋಗುತ್ತದೆ; ಟ್ಯಾಂಕಿನಲ್ಲಿ ಪೆಟ್ರೋಲು ಹಳೆಯದಾಗುತ್ತದೆ. ನಮ್ಮ ದೇಶದ ಪೆಟ್ರೋಲಿನಲ್ಲಿ 2025ರ ಹೊತ್ತಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವಂತಾಗಿದೆ. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಮರೆಯತಕ್ಕ ಮಾತಲ್ಲ. ಆದುದರಿಂದ ಕೆಲವು ಬಂಡಿಗಳು ಆಗಾಗ ಎಂಜಿನ್ನನ್ನು ತಾವೇ ತಿರುಗಿಸಿ ಹಳೆಯ ಪೆಟ್ರೋಲನ್ನು ಒಂದಿಷ್ಟು ಸುಟ್ಟುಬಿಡುತ್ತವೆ. ಪೆಟ್ರೋಲ್ ಬಂಕಿನಲ್ಲಿ ಗುಂಡಿ ಒತ್ತಿದೊಡನೆ ಟ್ಯಾಂಕಿನ ಮುಚ್ಚಳ ತೆರೆಯುವುದಿಲ್ಲವೆಂಬ ದೂರೂ ಇದರ ನೆಂಟನೇ. ಸಾಮಾನ್ಯ ಬಂಡಿಯಲ್ಲಿ ಟ್ಯಾಂಕಿನ ಆವಿಯನ್ನು ಎಂಜಿನ್ನು ಹೀರಿಕೊಂಡು ಸುಡುತ್ತದೆ. ಇಲ್ಲಿ ಎಂಜಿನ್ನು ಮಲಗಿರುವುದರಿಂದ ಆವಿಯನ್ನು ಬಿಗಿಯಾದ ಟ್ಯಾಂಕಿನಲ್ಲಿಯೇ ಹಿಡಿದಿಡುತ್ತಾರೆ. ಒತ್ತಡ ಇಳಿಯುವವರೆಗೆ ಬೀಗ ಬಿಡುವುದಿಲ್ಲ. ಹಿಂದೆ ನಿಂತ ಬಂಡಿಯವರು ಹಾರನ್ ಬಾರಿಸಿದರೆ ಬಾರಿಸಲಿ.

ಎರಡನೆಯ ದೂರು ಹೆಚ್ಚು ಗಾಬರಿ ಹುಟ್ಟಿಸುವಂಥದು. ಮಾಲೀಕನು ಮೂರು ವಾರ ಊರಿಗೆ ಹೋಗಿದ್ದನು. ಹಿಂದಿರುಗಿ ನೋಡಿದರೆ ಬಾಗಿಲೂ ತೆರೆಯದು, ದೀಪವೂ ಹೊತ್ತದು. ದೊಡ್ಡ ಬ್ಯಾಟರಿ ತುಂಬಿಯೇ ಇದೆ! ಇದರ ಗುಟ್ಟೇನು? ಮುನ್ನೂರು, ನಾನ್ನೂರು ವೋಲ್ಟಿನ ದೊಡ್ಡ ಬ್ಯಾಟರಿಯು ಬಂಡಿ ನಿಂತಾಗ ಸುರಕ್ಷಿತತೆಗಾಗಿ ಎಲ್ಲ ತಂತಿಗಳಿಂದಲೂ ಬೇರ್ಪಟ್ಟಿರುತ್ತದೆ. ಅದನ್ನು ಮತ್ತೆ ಜೋಡಿಸುವ ಸ್ವಿಚ್ಚನ್ನು ಎಳೆಯುವುದು ಹಳೆಯ ಕಾಲದ 12 ವೋಲ್ಟಿನ ಚಿಕ್ಕ ಬ್ಯಾಟರಿ. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ ತುಂಬಿದ್ದರೂ ತೂಬನ್ನು ಎತ್ತುವವನಿಲ್ಲದಿದ್ದರೆ ನಾಲೆಗೆ ನೀರು ಹರಿಯುವುದುಂಟೆ? ಬಂಡಿ ನಿಂತಿದ್ದರೂ ಅದರ ಕಳ್ಳಗಂಟೆ, ಬೀಗದ ಗ್ರಾಹಕ ಮುಂತಾದುವು ಎಚ್ಚರವಾಗಿರುತ್ತವೆ. ಅವು 50 ಮಿಲಿ ಆಂಪಿಯರ್ ಎಳೆದರೆ 20 ದಿನಗಳಲ್ಲಿ 24 ಆಂಪಿಯರ್-ಗಂಟೆ ಖರ್ಚಾಗುತ್ತದೆ. 50 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಹತ್ತಿರಹತ್ತಿರ ಅರ್ಧ. ಬ್ಯಾಟರಿ ಹಳೆಯದಾಗಿದ್ದರೆ ಅಷ್ಟೇ ಸಾಕು. ಕೈಪುಸ್ತಕದಲ್ಲಿ ತೋರಿಸಿದ ತುದಿಗಳಿಗೆ ಹೊರಗಿನ 12 ವೋಲ್ಟನ್ನು ಕೊಟ್ಟರೆ ಬಂಡಿ ಎದ್ದು ಕೂರುತ್ತದೆ. ಕಿತ್ತಳೆ ಬಣ್ಣದ ತಂತಿಗಳನ್ನು ಮಾತ್ರ ಯಾರೂ ಮುಟ್ಟಕೂಡದು. ದೊಡ್ಡ ವೋಲ್ಟಿನ ಗುರುತು ಅದು.

ಇನ್ನು ಘಟ್ಟದ ದಾರಿ. ಆಗುಂಬೆಯಲ್ಲಿ ರಾತ್ರಿ ತಂಗಿ, ಅಲ್ಲಿಯೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಬೆಳಿಗ್ಗೆ ಸೋಮೇಶ್ವರದ ಕಡೆಗೆ ಇಳಿಯುವವನಿಗೆ ಬ್ರೇಕಿನ ನಡತೆ ಬೇರೆಯಾಗಿ ಕಾಣುತ್ತದೆ. ಎಂಜಿನ್ನೂ ಒಮ್ಮೆಲೆ ಗುಡುಗುತ್ತದೆ. ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. 2500 ಕಿಲೋಗ್ರಾಮಿನ ಬಂಡಿ 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 2500 × 9.8 × 500, ಅಂದರೆ ಸುಮಾರು 1 ಕೋಟಿ 22 ಲಕ್ಷ ಜೌಲ್. 36 ಲಕ್ಷ ಜೌಲಿಗೆ ಒಂದು ಯೂನಿಟ್. ಆದುದರಿಂದ ಇದು 3.4 ಯೂನಿಟ್. ಸಾಮಾನ್ಯವಾಗಿ ಇಳಿಜಾರಿನಲ್ಲಿ ಮೋಟಾರು ಜನಕಯಂತ್ರವಾಗಿ ತಿರುಗಿ, ಈ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಸೇರಿಸುತ್ತ ಬಂಡಿಯನ್ನು ತಡೆಯುತ್ತದೆ. ತುಂಬಿದ ಕೊಡಕ್ಕೆ ನೀರು ಸುರಿಯಲಾದೀತೆ? ಜಾಗವಿಲ್ಲವಾದುದರಿಂದ ತಡೆಯುವ ಕೆಲಸ ಬ್ರೇಕಿನ ತಟ್ಟೆಗಳಿಗೂ ಎಂಜಿನ್ನಿಗೂ ಬೀಳುತ್ತದೆ. ಘಟ್ಟ ಇಳಿಯುವ ಹಿಂದಿನ ರಾತ್ರಿ ನಾಲ್ಕೈದು ಯೂನಿಟ್ ಕಡಿಮೆ ತುಂಬಿಸಿದರೆ ಆಯಿತು.

ಕೊಡಚಾದ್ರಿಯ ಜೀಪು ದಾರಿಯಂಥ ಕಡೆ ಹೋಗಬೇಕೆನ್ನುವವರು ಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳತಕ್ಕದ್ದು: ಹಿಂದಿನ ಗಾಲಿಗಳಿಗೆ ಎಂಜಿನ್ನಿನಿಂದ ಉಕ್ಕಿನ ದಂಡ ಹೋಗಿದೆಯೆ, ಅಥವಾ ಅವನ್ನು ವಿದ್ಯುತ್ ಮೋಟಾರು ಒಂದೇ ತಿರುಗಿಸುತ್ತದೆಯೆ? ಎರಡನೆಯ ಬಗೆಯಲ್ಲಿ ಕೆಸರಿನಲ್ಲಿ ಬಹಳ ಹೊತ್ತು ಹೆಣಗಿ ಮೋಟಾರು ಕಾದರೆ, ತನ್ನನ್ನು ಉಳಿಸಿಕೊಳ್ಳಲು ಅದು ಹಿಂದಿನ ಎಳೆತವನ್ನು ತಗ್ಗಿಸಿಬಿಡುತ್ತದೆ. ನಗರದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಇವೆಲ್ಲ ತಿಳಿದರೆ ತೀರುವ ದೂರುಗಳು. ತಿಳಿಯದಿದ್ದರೆ ಪ್ರಾಣಕ್ಕೇ ಎರವಾಗುವ ದೂರು ಒಂದುಂಟು. ಅದು ಬಂಡಿಯಲ್ಲಿಲ್ಲ, ಮನೆಯ ಗೋಡೆಯಲ್ಲಿದೆ.

ಏಪ್ರಿಲ್ ತಿಂಗಳಲ್ಲಿ ಮಾಲೀಕನು ಪ್ಲಗ್ಗನ್ನು ಚುಚ್ಚುತ್ತಾನೆ. ಚಾರ್ಜು ಪೆಟ್ಟಿಗೆಯಲ್ಲಿ ಕೆಂಪು ದೀಪ. ಅದೇ ಸಾಕೆಟ್ಟಿನಲ್ಲಿ ಇಸ್ತ್ರಿ ಪೆಟ್ಟಿಗೆ ಕಾಯುತ್ತದೆ, ಮಿಕ್ಸಿ ತಿರುಗುತ್ತದೆ. “ಪೆಟ್ಟಿಗೆ ಕೆಟ್ಟಿದೆ” ಎಂದು ಅವನ ತೀರ್ಮಾನ. ಜೂನಿನಲ್ಲಿ ಮಳೆ ಹಿಡಿದ ಮೇಲೆ ದೀಪ ತಾನಾಗಿಯೇ ಹಸಿರಾಗುತ್ತದೆ! ಮಳೆಗೂ ಚಾರ್ಜಿಗೂ ಏನು ಸಂಬಂಧ? ಚಾರ್ಜು ಪೆಟ್ಟಿಗೆಯು ವಿದ್ಯುತ್ತನ್ನು ಬಿಡುವ ಮೊದಲು ಭೂಸಂಪರ್ಕ, ಅಂದರೆ ಎಲ್ಲರೂ ಅರ್ಥಿಂಗ್ ಎನ್ನುವುದು, ಸರಿಯಿದೆಯೆ ಎಂದು ಪರೀಕ್ಷಿಸುತ್ತದೆ. ನಮ್ಮಲ್ಲಿ ಮನೆಯ ಪಕ್ಕದಲ್ಲಿ ಗುಂಡಿ ತೋಡಿ, ಲೋಹದ ಕೊಳವೆಯನ್ನು ನೆಟ್ಟು, ಸುತ್ತ ಇದ್ದಿಲೂ ಉಪ್ಪೂ ತುಂಬುವುದು ರೂಢಿ. ಇದ್ದಿಲು ತೇವವನ್ನು ಹಿಡಿದಿಡುತ್ತದೆ. ಉಪ್ಪು ಆ ತೇವದಲ್ಲಿ ಕರಗಿ ವಿದ್ಯುತ್ತಿಗೆ ದಾರಿ ಮಾಡುತ್ತದೆ. ಬೇಸಗೆಯಲ್ಲಿ ಗುಂಡಿ ಒಣಗಿತೆಂದರೆ ದಾರಿ ಮುಚ್ಚಿತು. ಇಸ್ತ್ರಿ ಪೆಟ್ಟಿಗೆಗೆ ಇದು ತಿಳಿಯದು, ಏಕೆಂದರೆ ಅದು ಕೇಳುವುದೇ ಇಲ್ಲ.

ಭೂಸಂಪರ್ಕದ ರೋಧ 100 ಓಮ್ ಇದೆಯೆಂದು ಇಟ್ಟುಕೊಳ್ಳೋಣ. ಎಲ್ಲಿಯೋ ನಿರೋಧಕ ಸವೆದು ಫೇಸ್ ತಂತಿ ಬಂಡಿಯ ಮೈಗೆ ತಗುಲಿತು. ಹರಿಯುವ ವಿದ್ಯುತ್ತು 230 ÷ 100, ಅಂದರೆ 2.3 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಇದು ಸೊಳ್ಳೆ ಕಚ್ಚಿದಷ್ಟೂ ಅಲ್ಲ, ಅದು ಬೀಳುವುದಿಲ್ಲ. ಬಂಡಿ ರಬ್ಬರಿನ ಗಾಲಿಗಳ ಮೇಲೆ ನಿಂತಿದೆ. ಅದರ ಇಡೀ ಮೈ 230 ವೋಲ್ಟಿನಲ್ಲಿದೆ. ಒದ್ದೆಯ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತವನು ಬಾಗಿಲಿನ ಹಿಡಿಯನ್ನು ಮುಟ್ಟಿದರೆ ಮುಂದಿನದನ್ನು ಹೇಳಬೇಕಾದುದಿಲ್ಲ. ಇಲ್ಲಿ ಕಾಯುವುದು ಎಂಸಿಬಿಯಲ್ಲ, ಆರ್‌ಸಿಸಿಬಿ ಎಂಬ ಇನ್ನೊಂದು ಸಾಧನ. ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೂ ಅದು ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಹಳೆಯ ಮನೆಗಳ ಎಷ್ಟೋ ಹಲಗೆಗಳಲ್ಲಿ ಇದು ಇಲ್ಲವೇ ಇಲ್ಲ.

ಕೆಂಪು ದೀಪವನ್ನು ಹಸಿರು ಮಾಡಲು ಕೆಲವರು ಒಂದು ‘ಉಪಾಯ’ ಹೇಳಿಕೊಡುವುದುಂಟು: ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯನ್ನು ಅರ್ಥ್ ತುದಿಗೆ ಸೇರಿಸಿಬಿಡುವುದು. ದೀಪ ಹಸಿರಾಗುವುದು ನಿಜ, ಪೆಟ್ಟಿಗೆ ಮೋಸಹೋಯಿತು. ಆದರೆ ಮಳೆಗಾಳಿಗೆ ಬೀದಿಯ ಕಂಬದಲ್ಲಿ ನ್ಯೂಟ್ರಲ್ ಸಡಿಲಿತೆನ್ನಿ. ಆಗ ಮನೆಯ ದೀಪ, ಫ್ಯಾನುಗಳ ಮೂಲಕ ಹಾದು ಬಂದ ಫೇಸಿನ ವಿದ್ಯುತ್ತಿಗೆ ಹಿಂದಿರುಗುವ ದಾರಿ ತಪ್ಪಿ, ಸಾಕೆಟ್ಟಿನ ಆ ತುಂಡು ತಂತಿಯ ಮೂಲಕ ಅದು ಬಂಡಿಯ ಮೈಗೆ ಏರುತ್ತದೆ. ಬಂಡಿಯಲ್ಲಿ ಯಾವ ದೋಷವೂ ಇಲ್ಲದೆ ಬಂಡಿಯೇ ಕೊಲ್ಲುವ ವಸ್ತುವಾಗುತ್ತದೆ. ಇಂಥ ತಂತಿಯನ್ನು ಕಂಡರೆ ತೆಗೆಯಿಸುವವರೆಗೆ ಆ ಸಾಕೆಟ್ಟನ್ನು ಬಳಸಕೂಡದು.

ಸಾಕೆಟ್ಟಿನ ಹಿಡಿತವನ್ನೂ ನೋಡಬೇಕು. ಇಸ್ತ್ರಿಗೆ ಹತ್ತು ನಿಮಿಷ ಸಾಕು. ಬಂಡಿಗೆ 10 ಆಂಪಿಯರಿನಂತೆ, ಎಂದರೆ 2.3 ಕಿಲೋವ್ಯಾಟಿನಂತೆ, 15 ಯೂನಿಟ್ ತುಂಬಲು ಆರೂವರೆ ಗಂಟೆಗೂ ಮೇಲೆ ಹಿಡಿಯುತ್ತದೆ. ಸಡಿಲವಾದ ಸಾಕೆಟ್ಟಿನಲ್ಲಿ 0.1 ಓಮ್ ರೋಧವಿದ್ದರೆ 10 ಆಂಪಿಯರಿಗೆ 10 ವ್ಯಾಟ್, 16 ಆಂಪಿಯರಿಗೆ 25 ವ್ಯಾಟಿಗೂ ಹೆಚ್ಚು ಶಾಖ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು! ಅದನ್ನು ರಾತ್ರಿಯಿಡೀ ಗೋಡೆಯೊಳಗೆ ಹೊತ್ತಿಸಿಟ್ಟಂತೆ. ಪ್ಲಗ್ಗಿನ ಪಿನ್ನುಗಳ ಬುಡ ಕಂದಿದ್ದರೆ ಸಾಕೆಟ್ಟನ್ನೇ ಬದಲಾಯಿಸತಕ್ಕದ್ದು.

ಆದುದರಿಂದ ಬಂಡಿ ಮನೆಗೆ ಬರುವ ಮೊದಲು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನನ್ನು ಕರೆಸಿ, ಮೀಟರಿನಿಂದ ಸಾಕೆಟ್ಟಿಗೆ ಪ್ರತ್ಯೇಕವಾದ ದಪ್ಪ ತಂತಿ ಎಳೆಸಿ, ಆರ್‌ಸಿಸಿಬಿ ಕೂಡಿಸಿ, ಭೂಸಂಪರ್ಕದ ರೋಧವನ್ನು ಅಳೆಸಬೇಕು. ಅಳತೆಯನ್ನು ಮಳೆಗಾಲದಲ್ಲಿ ಮಾಡಿಸಿ ತೃಪ್ತಿಪಟ್ಟರೆ ಸಾಲದು. ಗುಂಡಿ ಒಣಗಿರುವ ಮಾರ್ಚ್, ಏಪ್ರಿಲಿನಲ್ಲಿ ಇನ್ನೊಮ್ಮೆ ಮಾಡಿಸಬೇಕು. ಆ ಎರಡು ತಿಂಗಳು ಮನೆಯ ಹುಡುಗರು ಯಾರಾದರೂ ತುಳಸಿಗೆ ನೀರೆರೆಯುವಾಗ ಆ ಗುಂಡಿಗೂ ಒಂದೆರಡು ಕೊಡ ಸುರಿಯಬಹುದು.