ಮಗ್ಗದಾಗ ಕುಂದ್ರತಾನ, ಸಾಲ್ಯಾಗ ಕುಂದ್ರಂಗಿಲ್ಲ

ಎಡಿಎಚ್‌ಡಿ (ಗಮನ ಮತ್ತು ಚಟುವಟಿಕೆಯ ಹಿಡಿತ ತಪ್ಪುವ ತೊಂದರೆ) ಇರುವವರಲ್ಲಿ ಕಾಣುವ ಒಳ್ಳೆಯ ಗುಣಗಳ ಬಗ್ಗೆ ಕೇಳಿ ಬಂದ ಪತ್ರಗಳಲ್ಲಿ ಬಾಗಲಕೋಟೆ ಕಡೆಯವು ಹೆಚ್ಚು. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾವು ನೇಕಾರರು. ಹತ್ತು ವರ್ಷದ ಮಗನಿಗೆ ಎಡಿಎಚ್‌ಡಿ ಐತಿ ಅಂತ ಡಾಕ್ಟರು ಹೇಳ್ಯಾರ. ಸಾಲ್ಯಾಗ ಹತ್ತು ನಿಮಿಷ ಕುಂದ್ರಂಗಿಲ್ಲ, ಪಾಟಿಚೀಲ ಎಲ್ಲೋ ಬಿಟ್ಟು ಬರತಾನ. ಆದ್ರ ಅವರಪ್ಪನ ಮಗ್ಗದ ಬಾಜೂ ಕುಂತ್ರ ಏಳಂಗೇ ಇಲ್ಲ. ಸೆರಗಿನ್ಯಾಗ ಎಳಿ ತಪ್ಪಿದ್ರ ನಮಗಿಂತ ಮೊದಲ ಅವನ ಹೇಳತಾನ. ‘ಇದು ದೇವರು ಕೊಟ್ಟ ಶಕ್ತಿ, ಗುಳಿಗಿ ಹಾಕಿ ಕೆಡಿಸಬ್ಯಾಡ್ರಿ, ಸಾಲಿ ಬಿಡಿಸಿ ಮಗ್ಗಕ್ಕ ಹಚ್ರಿ’ ಅಂತಾರ ನಮ್ಮ ಮಂದಿ. ಏನ್ ಮಾಡೋದ್ರಿ?
— ಒಬ್ಬ ತಾಯಿ, ಇಳಕಲ್ಲ

ಉತ್ತರ: ಅಕ್ಕಾ, ನೀವು ಕಂಡದ್ದು ಸುಳ್ಳಲ್ಲ. ಈ ಮಕ್ಕಳಿಗೆ ಗಮನವೇ ಇಲ್ಲ ಎಂದು ಜನ ತಿಳಿದಿದ್ದಾರೆ. ಗಮನ ಇದೆ, ಅದನ್ನು ಬೇಕಾದ ಕಡೆ ತಿರುಗಿಸುವ ಹಿಡಿತ ಕಡಿಮೆ. ಮಗ್ಗದ ಮುಂದೆ ಲಾಳಿ ಒಮ್ಮೆ ಹಾಯ್ದರೆ ಫಲ ಕೂಡಲೇ ಕಣ್ಣೆದುರಿಗೆ ಬರುತ್ತದೆ. ಕೈಕಾಲು ಆಡುತ್ತಲೇ ಇರುತ್ತವೆ, ತಪ್ಪಾದರೆ ಬಟ್ಟೆಯೇ ಹೇಳುತ್ತದೆ. ಸಾಲಿಯಲ್ಲಿ ಇಂದು ಕಲಿತದ್ದರ ಫಲ ಪರೀಕ್ಷೆ ಬಂದಾಗ, ಅಂದರೆ ತಿಂಗಳುಗಳಾಚೆ. ದೂರದ ಫಲಕ್ಕಾಗಿ ಇವತ್ತು ಕೂರುವುದು ಎಡಿಎಚ್‌ಡಿ ಇರುವ ಮಿದುಳಿಗೆ ಬಹಳ ಕಷ್ಟ. ಹಾಗಾಗಿ ‘ಮಗ್ಗದಾಗ ಕುಂದ್ರತಾನ, ಅಂದ್ರ ಸಾಲ್ಯಾಗ ಸೊಕ್ಕು ಮಾಡತಾನ’ ಎಂದು ಯಾರಾದರೂ ಅಂದರೆ ಒಪ್ಪಬೇಡಿ.

ನಿಮ್ಮ ಮಂದಿಯ ಮಾತನ್ನೂ ಪೂರ್ತಿ ಒಪ್ಪಬೇಡಿ. ನಿಮ್ಮೂರ ಸೀರೆಯ ವಿಶೇಷ ನಿಮಗೆ ನಾನು ಹೇಳಬೇಕಿಲ್ಲ: ಒಡಲಿನ ಹಾಸಿನೊಂದಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ನಿಧಾನದ ಕೆಲಸ, ಹೊಸತೇನೂ ಇಲ್ಲ. ಕೊಂಡಿ ಹಾಕುವ ಹೊತ್ತಿನಲ್ಲಿ ಮಗ ಎಷ್ಟು ಹೊತ್ತು ಪಕ್ಕದಲ್ಲಿರುತ್ತಾನೆ, ನೋಡಿ. ಬಹುಶಃ ಓಡಿಹೋಗುತ್ತಾನೆ. ಇಷ್ಟವಾದದ್ದರಲ್ಲಿ ಮುಳುಗುವ ಗುಣ ಅವನ ಕೈಯಲ್ಲಿಲ್ಲ, ಅದು ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ. ನಾಳೆ ಅವನು ನೇಕಾರನೇ ಆದರೂ ನೂಲಿನ ಲೆಕ್ಕ, ಸಾಲದ ಕಂತು, ಹೇಳಿದ ದಿನಕ್ಕೆ ಮಾಲು ಕೊಡುವುದು ತಪ್ಪುವುದಿಲ್ಲ. ಅದಕ್ಕೆ ಓದು ಬೇಕು. ಹದಿನಾಲ್ಕರವರೆಗೆ ಸಾಲಿ ಅವನ ಹಕ್ಕು, ಬಿಡಿಸಬೇಡಿ.

ಗುಳಿಗೆ ಅವನ ಕಣ್ಣಿನ ಚುರುಕನ್ನು ತಿನ್ನುವುದಿಲ್ಲ. ಸಾಮಾನ್ಯವಾಗಿ ಕೊಡುವ ಮೀಥೈಲ್‌ಫೆನಿಡೇಟ್‌ನ ಚಿಕ್ಕ ಅವಧಿಯ ಗುಳಿಗೆ ಮೂರ್ನಾಲ್ಕು ತಾಸು ಕೆಲಸ ಮಾಡಿ ಇಳಿಯುತ್ತದೆ. ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು. ಆಗಾಗ ತೂಕ, ಎತ್ತರ ಅಳೆಸಿ ಡಾಕ್ಟರಿಗೆ ತೋರಿಸಿ. ಸಂಜೆ ಮಗ್ಗದ ಬಾಜೂ ಕೂರುವುದು ಮಾತ್ರ ನಿಲ್ಲಿಸಬೇಡಿ. ದಿನವಿಡೀ ಬೈಸಿಕೊಂಡು ಬರುವ ಹುಡುಗನಿಗೆ ‘ಶಾಣ್ಯಾ’ ಅನ್ನಿಸಿಕೊಳ್ಳಲು ಒಂದು ಜಾಗ ಬೇಕು. ಆ ಜಾಗ ನಿಮ್ಮ ಮನೆಯಲ್ಲೇ ಇದೆ.

ಪ್ರಶ್ನೆ: ನನ್ನ ತರಗತಿಯಲ್ಲಿ ಕುರಿ ಕಾಯುವ ಮನೆತನದ ಹುಡುಗನಿದ್ದಾನೆ. ಕೂತಲ್ಲಿ ಕೂರುವುದಿಲ್ಲ, ಬರೆದದ್ದು ಅರ್ಧಕ್ಕೆ ಬಿಡುತ್ತಾನೆ. ಆದರೆ ಹಿಂಡಿನಲ್ಲಿ ಒಂದು ಮರಿ ಕಾಣದಿದ್ದರೂ ಗುರುತಿಸುತ್ತಾನಂತೆ. ಇಂಥವರು ಬಯಲಿಗೇ ಸರಿಯೇ?
— ಶಿಕ್ಷಕರು, ಹುನಗುಂದ ತಾಲ್ಲೂಕು

ಉತ್ತರ: ಮಾಸ್ತರರೇ, ನಿಮ್ಮ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಉತ್ತರ ಕೀನ್ಯಾದ ಅರಿಯಾಲ್ ಎಂಬ ದನಗಾಹಿ ಜನರ ಮೇಲಿನ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎಡಿಎಚ್‌ಡಿ ಜೊತೆ ಸ್ವಲ್ಪ ನಂಟಿರುವ ಡಿಆರ್‌ಡಿ4 ಜೀನ್‌ನ ಒಂದು ಬಗೆ ಇದ್ದವರು, ಅಲೆಮಾರಿಗಳಾಗಿದ್ದಲ್ಲಿ ಉಳಿದವರಿಗಿಂತ ಮೈತುಂಬಿಕೊಂಡಿದ್ದರು. ಊರಲ್ಲಿ ನೆಲೆನಿಂತವರಲ್ಲಿ ಅದೇ ಜೀನ್ ಇದ್ದವರು ಸೊರಗಿದ್ದರು. ಒಂದೇ ಗುಣ ಒಂದು ಬದುಕಿನಲ್ಲಿ ನೆರವು, ಇನ್ನೊಂದರಲ್ಲಿ ಹೊರೆ. ಆ ಜೀನ್ ಒಂದರಿಂದಲೇ ಎಡಿಎಚ್‌ಡಿ ಬರುವುದಿಲ್ಲ, ಅದರ ಪ್ರಭಾವ ಚಿಕ್ಕದು. ಹಾಗಾಗಿ ಇದರಿಂದ ‘ಕುರುಬರ ಹುಡುಗ, ಬಯಲಿಗೆ ಹೋಗಲಿ’ ಎಂಬ ತೀರ್ಪನ್ನು ದಯವಿಟ್ಟು ತೆಗೆಯಬೇಡಿ. ಜಾತಿ ನೋಡಿ ಮಗುವಿನ ಮಿದುಳು ಅಳೆಯುವ ಚಟ ನಮಗೆ ಮೊದಲೇ ಇದೆ.

ನೀವು ಮಾಡಬಹುದಾದದ್ದು: ಮುಂದಿನ ಸಾಲಿನಲ್ಲಿ ಕೂರಿಸಿ. ಹತ್ತು ಲೆಕ್ಕವನ್ನು ಎರಡೆರಡಾಗಿ ಕೊಟ್ಟು ಪ್ರತಿ ಸಲ ನೋಡಿ. ನಡುನಡುವೆ ಹಾಜರಿ ಪುಸ್ತಕ ತರುವುದು, ಬೋರ್ಡ್ ಒರೆಸುವುದು ಅವನ ಪಾಲಿಗಿರಲಿ. ಮತ್ತು ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳಿ, ಏಕೆಂದರೆ ತರಗತಿಯೊಂದರಲ್ಲೇ ಕಂಡರೆ ಅದು ಎಡಿಎಚ್‌ಡಿ ಅಲ್ಲದೆಯೂ ಇರಬಹುದು. ಮನೆ, ಶಾಲೆ ಎರಡೂ ಕಡೆ ತೊಂದರೆ ಇದೆಯೇ ಎಂದು ಡಾಕ್ಟರು ಕೇಳುತ್ತಾರೆ. ಕಣ್ಣು, ಕಿವಿ, ಓದಿನ ತೊಡಕು ಕೂಡ ಪರೀಕ್ಷೆಯಾಗಲಿ.

ಪ್ರಶ್ನೆ: ಸರ್, ನಾನು ಪಟ್ಟದಕಲ್ಲಿನಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸುತ್ತೇನೆ, ವಯಸ್ಸು 24. ವಿರೂಪಾಕ್ಷ ಗುಡಿಯ ಕಂಬದ ಮುಂದೆ ನಿಂತರೆ ರಾಮಾಯಣದಿಂದ ಪಂಚತಂತ್ರಕ್ಕೆ ಮಾತು ತಾನೇ ಹರಿಯುತ್ತದೆ, ಮಂದಿ ಬಿಟ್ಟು ಹೋಗುವುದಿಲ್ಲ. ಆದರೆ ಹೇಳಿದ ಹೊತ್ತಿಗೆ ಹೋಗಲಾರೆ, ದುಡ್ಡಿನ ಲೆಕ್ಕ ಇಡಲಾರೆ, ಎರಡು ಫೋನ್ ಕಳೆದಿದ್ದೇನೆ. ರೀಲ್ಸ್ ನೋಡಿ ನನಗೆ ಎಡಿಎಚ್‌ಡಿ ಎಂದುಕೊಂಡಿದ್ದೇನೆ. ಗುಳಿಗೆ ತಗೊಂಡರೆ ಮಾತಿನ ಕಳೆ ಹೋಗುತ್ತದೆಯೇ? ಇಲ್ಲಿನ ಶಿಲ್ಪಿಗಳಿಗೂ ಇದೇ ಇತ್ತು ಎಂದು ಒಬ್ಬ ಪ್ರವಾಸಿ ಹೇಳಿದರು.

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ ತಮ್ಮಾ. ವಿರೂಪಾಕ್ಷ ಗುಡಿಯ ಶಾಸನ ಅದನ್ನು ಕಟ್ಟಿದ ಸೂತ್ರಧಾರಿ (ಮುಖ್ಯ ಶಿಲ್ಪಿ) ಗುಂಡನಿಗೆ ಅನಿವಾರಿತಾಚಾರಿ ಎಂಬ ಬಿರುದಿತ್ತು ಎನ್ನುತ್ತದೆ, ರಾಣಿ ಲೋಕಮಹಾದೇವಿ ಗುಡಿ ಕಟ್ಟಿಸಿದ್ದನ್ನು ಹೇಳುತ್ತದೆ. ಅವನು ಊಟ ಮರೆಯುತ್ತಿದ್ದನೇ, ಉಳಿ ಕಳೆಯುತ್ತಿದ್ದನೇ ಎಂದು ಹೇಳುವುದಿಲ್ಲ. ಎಂಟನೇ ಶತಮಾನದವರಿಗೆ ರೋಗಪತ್ರ ಬರೆಯುವುದು ಬೇಡ. ತಮಗೆ ಎಡಿಎಚ್‌ಡಿ ಇದೆಯೆಂದು ಬದುಕಿರುವವರೇ ಹೇಳಿಕೊಂಡಿದ್ದಾರಲ್ಲ: ಒಲಿಂಪಿಕ್ಸ್‌ನಲ್ಲಿ 28 ಪದಕ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಇದ್ದಾರೆ, 2024ರಲ್ಲಿ 41ನೇ ವಯಸ್ಸಿಗೆ ತಮಗೆ ಗೊತ್ತಾಯಿತೆಂದ ಮಲಯಾಳಂ ನಟ ಫಹಾದ್ ಫಾಸಿಲ್ ಇದ್ದಾರೆ.

ಮಾತಿನ ಕಳೆಯ ವಿಷಯ. 2006ರಲ್ಲಿ ಹಾಲಿ ವೈಟ್ ಮತ್ತು ಪ್ರೀತಿ ಶಾ ಪ್ರಕಟಿಸಿದ ಅಧ್ಯಯನದಲ್ಲಿ ಎಡಿಎಚ್‌ಡಿ ಇದ್ದ ವಯಸ್ಕರು ಒಂದು ವಸ್ತುವಿಗೆ ಯಾರೂ ಎಣಿಸದ ಉಪಯೋಗಗಳನ್ನು ಹುಡುಕುವುದರಲ್ಲಿ ಮುಂದಿದ್ದರು, ಹಲವು ಸುಳಿವುಗಳಿಂದ ಒಂದೇ ಉತ್ತರಕ್ಕೆ ಬರುವುದರಲ್ಲಿ ಹಿಂದೆ. ರಾಮಾಯಣದಿಂದ ಪಂಚತಂತ್ರಕ್ಕೆ ಜಿಗಿಯುವ ನಿಮ್ಮ ಮಾತಿಗೂ ದುಡ್ಡಿನ ಲೆಕ್ಕ ತಪ್ಪುವುದಕ್ಕೂ ಇದು ಹೊಂದುತ್ತದೆ, ಅಲ್ಲವೇ? ಆದರೆ 2020ರಲ್ಲಿ 31 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ಇಷ್ಟು ಚೆಂದದ ಚಿತ್ರ ಸಿಗಲಿಲ್ಲ. ಲಕ್ಷಣಗಳು ಸ್ವಲ್ಪ ಹೆಚ್ಚಿರುವವರಲ್ಲಿ ಕಲ್ಪನೆ ಚುರುಕು ಕಂಡಿತು, ತೊಂದರೆ ರೋಗದ ಮಟ್ಟಕ್ಕೆ ಹೋದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಗುಳಿಗೆಯಿಂದ ಸೃಜನಶೀಲತೆ ಹಾಳಾಗುತ್ತದೆ ಎಂಬುದಕ್ಕೂ ಹೆಚ್ಚಿನ ಆಧಾರ ಸಿಗಲಿಲ್ಲ. ಎಡಿಎಚ್‌ಡಿಯನ್ನು ‘ಸೂಪರ್ ಪವರ್’ ಎನ್ನುವ ರೀಲ್ಸ್ ನನಗೆ ಹಿಡಿಸುವುದಿಲ್ಲ. 2019ರ ಒಂದು ಬ್ರಿಟಿಷ್ ಅಧ್ಯಯನ ಧೈರ್ಯ, ಉತ್ಸಾಹ, ಬಿದ್ದರೂ ಏಳುವ ಛಲ, ಮನುಷ್ಯಪ್ರೀತಿ ಎಂದು ಪಟ್ಟಿ ಕೊಟ್ಟಿದೆ. ಅವರು ಮಾತಾಡಿಸಿದ್ದು ಆರು ಜನರನ್ನು, ಆರೂ ಜನ ಬದುಕಿನಲ್ಲಿ ಗೆದ್ದವರು. ಸೋತವರನ್ನು ಕೇಳಿದ್ದರೆ ಪಟ್ಟಿ ಬೇರೆಯಾಗುತ್ತಿತ್ತು.

ರೀಲ್ಸ್ ನೋಡಿ ರೋಗ ನಿರ್ಧರಿಸಬೇಡಿ. ಹನ್ನೆರಡು ವರ್ಷದೊಳಗೇ ಲಕ್ಷಣ ಇದ್ದವೇ ಎಂಬುದು ಮುಖ್ಯ. ನಿಮ್ಮ ಅವ್ವನನ್ನು ಕೇಳಿ, ಹಳೆಯ ಶಾಲೆಯ ಅಂಕಪಟ್ಟಿ ಹುಡುಕಿ, ಅವನ್ನು ಹಿಡಿದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಿ. ಅಲ್ಲಿಯವರೆಗೆ ಪ್ರವಾಸಿಗರಿಂದ ಹಣವನ್ನು ಫೋನ್‌ಪೇಯಲ್ಲೇ ತಗೊಳ್ಳಿ, ಲೆಕ್ಕ ತಾನೇ ಉಳಿಯುತ್ತದೆ. ಹೊತ್ತಿಗೆ ಅರ್ಧ ತಾಸು ಮೊದಲಿನ ಅಲಾರಾಂ ಇಡಿ. ಬೈಕ್ ಓಡಿಸುವಾಗ ಹೆಲ್ಮೆಟ್ ಬಿಡಬೇಡಿ. ಎಡಿಎಚ್‌ಡಿ ಇರುವವರಲ್ಲಿ ರಸ್ತೆ ಅಪಘಾತ ಹೆಚ್ಚು ಎಂಬುದು ಗಟ್ಟಿಯಾಗಿ ಗೊತ್ತಿರುವ ವಿಷಯ. ಗುಟ್ಕಾ, ಸಿಗರೇಟಿನ ಚಟವೂ ಬೇಗ ಅಂಟುತ್ತದೆ.

ಪ್ರಶ್ನೆ: ಖಾನಾವಳಿ ನಡಸ್ತೀನ್ರಿ. ಬನಶಂಕರಿ ಜಾತ್ರಿ ಟೈಮಿನ್ಯಾಗ ನೂರು ಮಂದಿ ಒಮ್ಮೆಲೆ ಬಂದ್ರೂ ತಲಿ ತಣ್ಣಗಿರತೈತಿ. ಖಾಲಿ ದಿನ ಕಿರಾಣಿ ಚೀಟಿ ಬರಿಯಾಕ ಬರಂಗಿಲ್ಲ. ಮಗಳಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ದವಾಖಾನ್ಯಾಗ ಎಡಿಎಚ್‌ಡಿ ಅಂದ್ರು. ನನಗೂ ಇರಬಹುದಾ?
— 38 ವರ್ಷದ ಮಹಿಳೆ, ಬಾದಾಮಿ

ಉತ್ತರ: ಇರಬಹುದು ತಾಯಿ. ಅವಳಿಗಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶದ ಪಾಲು ಶೇ 74ರ ಹತ್ತಿರ. ಓಡಾಡುವ ಹುಡುಗ ಬೇಗ ಕಣ್ಣಿಗೆ ಬೀಳುತ್ತಾನೆ, ಕಿಟಕಿ ನೋಡುತ್ತ ಕೂತ ಹುಡುಗಿ ಬೀಳುವುದಿಲ್ಲ. ಎಷ್ಟೋ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದು ತಮ್ಮನ್ನು ಗುರುತಿಸಿಕೊಳ್ಳುತ್ತಾರೆ. ಗದ್ದಲದಲ್ಲಿ ತಣ್ಣಗಿರುವುದು ನಿಮ್ಮ ನಿಜವಾದ ಬಲ. ಜಾತ್ರೆಯ ದಿನ ಒಲೆ, ಗಿರಾಕಿ ನೀವೇ ನೋಡಿಕೊಳ್ಳಿ, ಕಿರಾಣಿ ಚೀಟಿ ಮನೆಯವರಿಗೆ ಒಪ್ಪಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಮಗಳ ಮುಂದಿನ ತಪಾಸಣೆಗೆ ಹೋದಾಗ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.