ತರಬೇತಿ ಇಲ್ಲ, ಸಹಿ ಮಾತ್ರ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕಂಬಿ ಕಟ್ಟಿಸುವ ಸಬ್ ಕಾಂಟ್ರಾಕ್ಟರ್. ಸುರಕ್ಷತಾ ತರಬೇತಿ ಕೊಡದೆಯೇ, ಕೊಟ್ಟಾಯಿತೆಂದು ಕಂಪನಿಯವರು ನನ್ನ ಹುಡುಗರಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಅನಾಹುತವಾದರೆ ಹೊಣೆ ಯಾರದು?

ಉತ್ತರ: ಕಂಪನಿಯದೂ ನಿಮ್ಮದೂ. ಗಾಯಗೊಂಡವರು ಮುಖ್ಯ ಗುತ್ತಿಗೆದಾರರಾದ ಕಂಪನಿಯವರಿಂದಲೇ ಪರಿಹಾರ ಕೇಳಬಹುದು. ಕಂಪನಿಯವರು ಅದನ್ನು ಕೊಟ್ಟು ನಿಮ್ಮಿಂದ ವಸೂಲಿಗೆ ಬರಬಹುದು. ಆಗ ಆ ಸಹಿಗಳೇ ನಿಮಗೆ ಉರುಳು. ತರಬೇತಿಯಾಗದೆ ಸಹಿ ಬೇಡ. ಹೊಸಬರಿಗೆ ಬಂದ ದಿನವೇ, ಅವರ ಭಾಷೆಯಲ್ಲೇ ತರಬೇತಿ ಬೇಕೆಂದು ಸೇಫ್ಟಿ ಆಫೀಸರ್‌ಗೆ ಇಮೇಲ್ ಹಾಕಿ. ಕೂರಿಸಿ ಹೇಳುವುದಕ್ಕಿಂತ ಸೈಟ್ ಸುತ್ತಿಸಿ: ಲಿಫ್ಟ್ ಹೊಂಡ, ಸ್ಲ್ಯಾಬ್ ಅಂಚು ತೋರಿಸಿ. ಹಾರ್ನೆಸ್ಸಿನ ಹುಕ್ ಸಿಕ್ಕಿಸಿ ತೋರಿಸು ಎನ್ನಿ. ತಡವರಿಸಿದವನನ್ನು ಮೇಲೆ ಹತ್ತಿಸಬೇಡಿ. ನಿಂತ ಕಂಬಿಗಳ ತುದಿಗೆ ಕ್ಯಾಪ್ ಹಾಕಲು ಯಾರನ್ನೂ ಕಾಯಬೇಕಿಲ್ಲ. ಕಂಪನಿ ಜಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಿ. ಗುತ್ತಿಗೆ ಪತ್ರವನ್ನು ಈಗಲೇ ವಕೀಲರಿಗೆ ತೋರಿಸಿ.