ಸೊಂಟ ನೋವಿಗೆ ಮಾತ್ರೆಯೋ, ಸೂಜಿಯೋ?

ನಾವು ದುಡಿಯುವ ಹೆಂಗಸರು. ಹಿರಿಯೂರಿನ ಕಡೆ ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತೇವೆ. ಚಿತ್ರದುರ್ಗದ ಕಡೆ ಶೇಂಗಾ ಬಿಡಿಸುತ್ತೇವೆ. ಹೊಳಲ್ಕೆರೆಯಲ್ಲಿ ಅಡಿಕೆ ಸುಲಿಯುತ್ತೇವೆ. ಹೊಸದುರ್ಗದ ತೋಟದಲ್ಲಿ ತೆಂಗಿನಕಾಯಿ ಹೊರುತ್ತೇವೆ. ಬಗ್ಗಿದ ಸೊಂಟ ಬಗ್ಗಿದಂತೆಯೇ ಇರುತ್ತದೆ. ಮನೆಗೆ ಬಂದರೆ ನೀರು, ಸೌದೆ, ಮುದ್ದೆ. ರಾತ್ರಿ ಮಲಗಿದಾಗ ಸೊಂಟ ಹಿಡಿಯುತ್ತದೆ. ಮಂಡಿ ನೋಯುತ್ತದೆ.

ಆಗ ನಾವು ಏನು ಮಾಡುತ್ತೇವೆ? ಅಂಗಡಿಯಿಂದ ಒಂದು ಮಾತ್ರೆ ತರಿಸಿ ನುಂಗುತ್ತೇವೆ. ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋಗುತ್ತೇವೆ. ಆ ಮಾತ್ರೆ ಯಾವುದು? ನಾವು ಕೇಳುವುದಿಲ್ಲ. ಇವತ್ತು ಕೇಳೋಣ.

ಅಕ್ಕ ಯಾಕೆ ಬರಲಿಲ್ಲ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಹಿರಿಯಕ್ಕ ಬರುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಅಕ್ಕ ಎಂದೇ ಕರೆಯೋಣ. ಅಕ್ಕ ಒಂದು ವಾರ ಬರಲಿಲ್ಲ. ನಾವು ಮನೆಗೆ ಹೋಗಿ ನೋಡಿದೆವು. ಆಶಾ ಕಾರ್ಯಕರ್ತೆಯೂ ನಮ್ಮ ಜೊತೆ ಬಂದರು.

ಅಕ್ಕ ಕಂಬಳಿ ಹೊದ್ದು ಮಲಗಿದ್ದರು. ಮೈಯೆಲ್ಲ ಬೆವರು. ಕೈ ನಡುಗುತ್ತಿತ್ತು.

"ಏನಾಯ್ತಕ್ಕ?" ಎಂದೆವು.

"ಸೊಂಟ ನೋವು ಕಣ್ರಮ್ಮ. ಎರಡು ವರ್ಷದಿಂದ ಐತೆ. ಅಂಗಡೀಲಿ ಒಂದು ಮಾತ್ರೆ ಕೊಡ್ತಿದ್ರು. ತಗೊಂಡ್ರೆ ನೋವೂ ಇಲ್ಲ, ಚಿಂತೆನೂ ಇಲ್ಲ. ಮೊದಲು ಒಂದು ಸಾಕಾಗ್ತಿತ್ತು. ಆಮೇಲೆ ಎರಡು. ಈಗ ದಿನಕ್ಕೆ ಐದು ನುಂಗಿದರೂ ಸಾಲದು. ಈ ವಾರ ದುಡ್ಡಿರಲಿಲ್ಲ, ಬಿಟ್ಟೆ. ಬಿಟ್ಟಿದ್ದೇ ತಡ ಹಿಂಗಾಯ್ತು. ನಿದ್ದೆ ಇಲ್ಲ. ಹೊಟ್ಟೆ ಕಿವುಚುತ್ತೆ. ಮೈ ಮೂಳೆಯೆಲ್ಲ ನೋವು."

ಆಶಾ ಕಾರ್ಯಕರ್ತೆ ಖಾಲಿ ಮಾತ್ರೆ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಅದರ ಮೇಲೆ ಕೆಂಪು ಚೌಕ ಇತ್ತು.

"ಅಕ್ಕಾ, ಇದು ಟ್ರಮಡಾಲ್. ಅಫೀಮು ಜಾತಿಯ ಔಷಧ. ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರುವ ಹಾಗಿಲ್ಲ. ನಡೀರಿ, ತಾಲ್ಲೂಕು ಆಸ್ಪತ್ರೆಗೆ ಹೋಗೋಣ" ಎಂದರು.

"ಅಯ್ಯೋ, ಅಫೀಮಾ? ನಾನು ತಿಂದಿದ್ದು ಅಫೀಮಾ?" ಅಕ್ಕನ ಕಣ್ಣಲ್ಲಿ ನೀರು ಬಂತು.

ಅಕ್ಕನ ತಪ್ಪೇನು? ನೋವು ತಡೆಯಲಾರದೆ ಮಾತ್ರೆ ತಿಂದರು. ಅದು ಎಂಥ ಮಾತ್ರೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಗಸಗಸೆ ಗಿಡದ ಹಾಲು

ಹಬ್ಬಕ್ಕೆ ನಾವು ಗಸಗಸೆ ಪಾಯಸ ಮಾಡುತ್ತೇವೆ. ಗಸಗಸೆ ಬರುವ ಗಿಡದಿಂದಲೇ ಅಫೀಮೂ ಬರುತ್ತದೆ. ಹಸಿ ಕಾಯಿಯನ್ನು ಗೀರಿದರೆ ಹಾಲು ಒಸರುತ್ತದೆ. ಆ ಹಾಲು ಗಟ್ಟಿಯಾದರೆ ಅಫೀಮು. ಒಣಗಿದ ಕಾಯಿಯೊಳಗಿನ ಬೀಜವೇ ಗಸಗಸೆ. ಪಾಯಸಕ್ಕೆ ಹಾಕುವ ಗಸಗಸೆಗೆ ಹೆದರಬೇಕಿಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಈ ಬೆಳೆ ಬೆಳೆಯುತ್ತಾರೆ.

ಅಫೀಮಿನಿಂದ ಮಾರ್ಫಿನ್ ಎಂಬ ಔಷಧ ತೆಗೆಯುತ್ತಾರೆ. ಕೊಡೀನ್ ಕೂಡ ಇದೇ ಜಾತಿ. ಟ್ರಮಡಾಲನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಆದರೆ ಅದು ಕೆಲಸ ಮಾಡುವ ರೀತಿ ಇದೇ.

ನೋವು ಎಂದರೆ ಮೈ ಬಾರಿಸುವ ಗಂಟೆ. "ಇಲ್ಲಿ ಏನೋ ಕೆಟ್ಟಿದೆ, ನೋಡು" ಎಂದು ಅದು ಕೂಗುತ್ತದೆ. ನರಗಳು ಆ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತವೆ. ಅಫೀಮು ಜಾತಿಯ ಔಷಧ ಆ ಸುದ್ದಿಯನ್ನು ತಡೆಯುತ್ತದೆ. ಗಂಟೆಯ ಸದ್ದು ಕೇಳುವುದಿಲ್ಲ. ಆದರೆ ಕೆಟ್ಟಿದ್ದು ಹಾಗೇ ಇರುತ್ತದೆ.

ದಿನಾ ತಿಂದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲಿನಷ್ಟು ತಿಂದರೆ ಸಾಲದು. ಮಲ ಕಟ್ಟುತ್ತದೆ. ತಲೆ ಸುತ್ತುತ್ತದೆ. ಮಂಪರು ಬರುತ್ತದೆ. ತೀರಾ ಹೆಚ್ಚಾದರೆ ಉಸಿರೇ ನಿಲ್ಲಬಹುದು. ಹೆಂಡ, ಸಾರಾಯಿ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು.

ದೂರದ ಅಮೆರಿಕದ ಕಥೆ ಕೇಳಿ. ಅಲ್ಲಿ 1990ರ ನಂತರ ಸೊಂಟ ನೋವು, ಮಂಡಿ ನೋವಿಗೂ ಡಾಕ್ಟರುಗಳು ಇಂಥ ಮಾತ್ರೆ ಬರೆಯತೊಡಗಿದರು. ಲಕ್ಷಾಂತರ ಜನ ಚಟಕ್ಕೆ ಬಿದ್ದರು. ಮುಂದೆ ಕಳ್ಳದಾರಿಯಲ್ಲಿ ಬರುವ ಇದೇ ಜಾತಿಯ ಮದ್ದಿಗೂ ಕೈ ಚಾಚಿದರು. 2021ರ ಒಂದೇ ವರ್ಷದಲ್ಲಿ ಈ ಜಾತಿಯ ಮದ್ದಿನಿಂದ 80 ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತರು.

ನಮ್ಮ ದೇಶದಲ್ಲಿ 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತುಗಳ ಕಾಯಿದೆಯ ಕೆಳಗೆ ತಂದರು. ಕಾಯಿದೆ ಬಂದರೆ ಸಾಲದು. ನಮ್ಮ ಕಣ್ಣೂ ತೆರೆದಿರಬೇಕು.

ಡಾಕ್ಟರು ಏನು ಹೇಳಿದರು?

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಕ್ಕನನ್ನು ಬೈಯಲಿಲ್ಲ. "ಒಂದೇ ಸಲಕ್ಕೆ ಬಿಡಬಾರದು ಅಮ್ಮ. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡೋಣ. ನಾನು ಹೇಳಿದ ಲೆಕ್ಕದಲ್ಲೇ ತಗೊಳ್ಳಿ. ವಾರವಾರ ಬನ್ನಿ" ಎಂದರು.

ನಮ್ಮಲ್ಲಿ ಒಬ್ಬಳು ಕೇಳಿದಳು: "ಮೇಡಂ, ಮಾತ್ರೆ ಬಿಟ್ಟರೆ ನೋವಿಗೆ ಏನು ಮಾಡೋದು? ಸೂಜಿ ಚುಚ್ಚಿ ನೋವು ತೆಗೀತಾರಂತೆ, ನಿಜವಾ?"

ಡಾಕ್ಟರಮ್ಮ ನಕ್ಕರು. "ನಿಜವೂ ಹೌದು, ಪೂರ್ತಿ ನಿಜವೂ ಅಲ್ಲ. ಕೂತ್ಕೊಳ್ಳಿ, ಹೇಳ್ತೀನಿ" ಎಂದರು.

ಅವರು ಹೇಳಿದ್ದನ್ನು, ಆಮೇಲೆ ನಾವು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಸೂಜಿ ಎಲ್ಲಿಂದ ಬಂತು?

ಸೂಜಿ ಚಿಕಿತ್ಸೆಗೆ ಅಕ್ಯುಪಂಕ್ಚರ್ ಎನ್ನುತ್ತಾರೆ. ಇದು ಚೀನಾ ದೇಶದ ಪದ್ಧತಿ. ಎರಡು ಸಾವಿರ ವರ್ಷಕ್ಕೂ ಹಳೆಯದು.

ಇದು ನಮ್ಮ ದೇಶಕ್ಕೆ ಬಂದ ಕಥೆ ಸೊಗಸಾಗಿದೆ. ಮಹಾರಾಷ್ಟ್ರದ ಸೊಲ್ಲಾಪುರ ನಮ್ಮ ಗಡಿಗೆ ಹತ್ತಿರ. ಅಲ್ಲಿ ಕನ್ನಡ ಮಾತಾಡುವವರೂ ಬಹಳ ಮಂದಿ ಇದ್ದಾರೆ. ಆ ಊರಿನ ಡಾಕ್ಟರ್ ದ್ವಾರಕಾನಾಥ ಕೊಟ್ನಿಸ್ 1938ರಲ್ಲಿ ಚೀನಾಕ್ಕೆ ಹೋದರು. ಆಗ ಅಲ್ಲಿ ಯುದ್ಧ ನಡೆಯುತ್ತಿತ್ತು. ಗಾಯಗೊಂಡವರ ಸೇವೆಗೆ ಭಾರತದಿಂದ ಐವರು ಡಾಕ್ಟರುಗಳು ಹೋಗಿದ್ದರು. ಕೊಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಅವರಿಗೆ ಆಗ 32 ವರ್ಷ.

ಆ ಐವರಲ್ಲಿ ಇನ್ನೊಬ್ಬರು ಬಿ.ಕೆ. ಬಸು. ಅವರು ಮುಂದೆ ಮತ್ತೆ ಚೀನಾಕ್ಕೆ ಹೋದರು. ಸೂಜಿ ಚಿಕಿತ್ಸೆ ಕಲಿತು ಬಂದರು. 1959ರಲ್ಲಿ ಕಲ್ಕತ್ತದಲ್ಲಿ ಚಿಕಿತ್ಸೆ ಶುರು ಮಾಡಿದರು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಎಂದು ಒಪ್ಪಿಕೊಂಡಿತು.

ನಮ್ಮ ರಾಜ್ಯದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಓದುವ ವೈದ್ಯರು ಇದನ್ನೂ ಕಲಿಯುತ್ತಾರೆ. ಉಜಿರೆಯಲ್ಲಿ ಅಂಥ ಕಾಲೇಜು 1989ರಲ್ಲೇ ಶುರುವಾಯಿತು. ಮೈಸೂರಿನಲ್ಲಿ ಸರ್ಕಾರದ ಕಾಲೇಜು ಇದೆ.

ಸೂಜಿ ಏನು ಮಾಡುತ್ತದೆ?

ಈ ಸೂಜಿ ಇಂಜೆಕ್ಷನ್ ಸೂಜಿಯಲ್ಲ. ಇದರಲ್ಲಿ ಔಷಧ ಇರುವುದಿಲ್ಲ. ಇದು ಕೂದಲಿನಷ್ಟು ಸಣ್ಣ. ಮೈಯ ಕೆಲವು ಜಾಗಗಳಲ್ಲಿ ಚುಚ್ಚಿ ಅರ್ಧ ಗಂಟೆಯಷ್ಟು ಬಿಡುತ್ತಾರೆ. ಇರುವೆ ಕಚ್ಚಿದಂತೆ ಆಗಬಹುದು. ಒಂದು ಸಲಕ್ಕೆ ಮುಗಿಯುವುದಿಲ್ಲ. ಹಲವು ಸಲ ಹೋಗಬೇಕು.

ನಮ್ಮ ಮೈಯೇ ನೋವು ತಣಿಸುವ ರಸ ತಯಾರಿಸುತ್ತದೆ. ಸೂಜಿ ಚುಚ್ಚಿದಾಗ ಆ ರಸ ಹೆಚ್ಚಾಗಿ ಬರುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ.

ಇದರಿಂದ ಗುಣ ಆಗುತ್ತದೆಯೇ? ಸುಮಾರು 20 ಸಾವಿರ ರೋಗಿಗಳ ಲೆಕ್ಕವನ್ನು ಒಟ್ಟು ಮಾಡಿ 2018ರಲ್ಲಿ ನೋಡಿದರು. ಕೆಲವರಿಗೆ ನಿಜವಾದ ಸೂಜಿ ಚಿಕಿತ್ಸೆ, ಕೆಲವರಿಗೆ ತೋರಿಕೆಯ ಚಿಕಿತ್ಸೆ ಕೊಟ್ಟಿದ್ದರು. ಸೊಂಟ, ಕುತ್ತಿಗೆ, ಮಂಡಿ ನೋವು, ಬಹಳ ದಿನದ ತಲೆನೋವಿಗೆ ನಿಜವಾದ ಸೂಜಿಯಿಂದ ಹೆಚ್ಚು ಗುಣ ಕಂಡಿತು. ಆದರೆ ತೋರಿಕೆಯ ಸೂಜಿಗೂ ಇದಕ್ಕೂ ಇದ್ದ ಅಂತರ ದೊಡ್ಡದೇನಲ್ಲ.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹಳ ದಿನದ ಸೊಂಟ ನೋವಿನ ಬಗ್ಗೆ ಸಲಹೆ ಕೊಟ್ಟಿತು. ತಿಳಿವಳಿಕೆ, ವ್ಯಾಯಾಮ, ಸೂಜಿ ಚಿಕಿತ್ಸೆ ಕೊಡಬಹುದು ಎಂದಿತು. ಅಫೀಮು ಜಾತಿಯ ಔಷಧವನ್ನು ವಾಡಿಕೆಯಾಗಿ ಕೊಡಬಾರದು ಎಂದಿತು.

ಅಂದರೆ ಸೂಜಿ ಮಾಯ ಅಲ್ಲ, ಮಂತ್ರ ಅಲ್ಲ. ಅದು ಒಂದು ಊರುಗೋಲು. ನಡೆಯಬೇಕಾದವರು ನಾವೇ.

ಸೂಜಿ ಹಾಕಿಸುವ ಮುಂಚೆ

ಚಿಕಿತ್ಸೆ ಕೊಡುವವರು ಎಲ್ಲಿ ಓದಿದ್ದಾರೆ ಎಂದು ಕೇಳಬೇಕು. ಜಿಲ್ಲಾ ಆಯುಷ್ ಕಚೇರಿಯಲ್ಲಿ ವಿಚಾರಿಸಬೇಕು. ಸೂಜಿ ಹೊಸದಾಗಿರಬೇಕು. ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆಯಬೇಕು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡ. ಬಸುರಿಯಾಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಬೇಕು.

ಕೆಲವು ನೋವಿಗೆ ಸೂಜಿಯೂ ಬೇಡ, ಅಂಗಡಿ ಮಾತ್ರೆಯೂ ಬೇಡ. ನೇರ ಆಸ್ಪತ್ರೆಗೇ ಹೋಗಬೇಕು. ಎದೆ ನೋವು. ಸೊಂಟ ನೋವಿನ ಜೊತೆ ಜ್ವರ. ಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುವುದು. ಮೂತ್ರ, ಮಲದ ಹಿಡಿತ ತಪ್ಪುವುದು. ಕಾರಣವಿಲ್ಲದೆ ಮೈ ಇಳಿಯುವುದು. ಬಿದ್ದ ಮೇಲೆ ಬಂದ ನೋವು. ಇವು ಕಂಡರೆ ತಡ ಮಾಡಬಾರದು.

ನಮ್ಮ ನೀರನ್ನೂ ನೋಡೋಣ

ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರ್ ನೀರಿನಲ್ಲಿ ಅದು ಒಂದೂವರೆ ಮಿಲಿಗ್ರಾಂ ಮೀರಬಾರದು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಸೊಂಟ, ಕುತ್ತಿಗೆ, ಕೀಲುಗಳು ಬಿಗಿಯುತ್ತವೆ. ಮಕ್ಕಳ ಹಲ್ಲು ಕಂದಾಗುತ್ತವೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಈ ನೋವನ್ನು ಮಾತ್ರೆಯೂ ಸೂಜಿಯೂ ಬೇರುಸಹಿತ ತೆಗೆಯಲಾರವು. ಮೊದಲು ನೀರು ಬದಲಾಗಬೇಕು. ನೀರಿನ ಪರೀಕ್ಷೆ ಮಾಡಿಸಿ ಎಂದು ಗ್ರಾಮ ಪಂಚಾಯಿತಿಯನ್ನು ಕೇಳೋಣ. ಅರ್ಜಿ ಬರೆಯಲು ಈಗ ನಮಗೆ ಬರುತ್ತದಲ್ಲ!

ಮಾರ್ಫಿನ್ ಬೇಕಾದವರೂ ಇದ್ದಾರೆ

ಒಂದು ಮಾತು ಮರೆಯಬಾರದು. ಅಫೀಮು ಜಾತಿಯ ಔಷಧ ಎಲ್ಲರಿಗೂ ಕೆಟ್ಟದ್ದಲ್ಲ. ಕ್ಯಾನ್ಸರ್ ಮುದುರಿದಾಗ ನೋವು ಘೋರ. ಆಗ ಮಾರ್ಫಿನ್ ಬೇಕು. ಡಾಕ್ಟರು ಅಳತೆ ಮಾಡಿ ಕೊಡುತ್ತಾರೆ. "ಚಟ ಹತ್ತುತ್ತೆ" ಎಂದು ಹೆದರಿ ಅಂಥವರನ್ನು ನರಳಲು ಬಿಡುವುದು ಧರ್ಮವಲ್ಲ. 1985ರ ಕಾಯಿದೆಯ ಬಿಗಿಯಿಂದ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ಕಾಯಿದೆ ತಿದ್ದಿ ದಾರಿ ಸುಲಭ ಮಾಡಿದರು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ನೋವಿಗೆ ಚಿಕಿತ್ಸೆ ಇದೆ. ಅಲ್ಲಿಯ ಕರುಣಾಶ್ರಯದಲ್ಲಿ ಕೊನೆಯ ಹಂತದ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ.

ಅಕ್ಕ ಈಗ ಹೇಗಿದ್ದಾರೆ?

ಅಕ್ಕ ಮೂರು ತಿಂಗಳಲ್ಲಿ ಮಾತ್ರೆ ಬಿಟ್ಟರು. ಸುಲಭವಾಗಿರಲಿಲ್ಲ. ರಾತ್ರಿ ಸೊಸೆ ಎದ್ದು ಕೂತು ಕಾಲು ಒತ್ತಿದಳು. ಡಾಕ್ಟರಮ್ಮ ಹೇಳಿದ ವ್ಯಾಯಾಮವನ್ನು ಅಕ್ಕ ದಿನಾ ಮಾಡಿದರು. ಎಂಟು ಸಲ ಸೂಜಿ ಹಾಕಿಸಿಕೊಂಡರು. ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿಯುವುದನ್ನು ಬಿಟ್ಟರು. ಈಗ ಮಣೆ ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತಾರೆ. ಕೊಡ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸುತ್ತಾರೆ.

"ನೋವು ಪೂರಾ ಹೋಯ್ತಾ ಅಕ್ಕ?" ಎಂದು ಕೇಳಿದೆವು.

"ಎಲ್ಲಿ ಹೋಗುತ್ತಮ್ಮ? ಮುಕ್ಕಾಲು ಇದ್ದದ್ದು ಕಾಲು ಆಗೈತೆ. ಆ ಕಾಲು ಭಾಗ ನಾನು ತಡ್ಕೊತೀನಿ. ಮಾತ್ರೆ ತಿಂದಾಗ ನೋವು ಇರಲಿಲ್ಲ, ನಿಜ. ಆದರೆ ಮೊಮ್ಮಗಳು ಕೂಗಿದ್ರೂ ನಂಗೆ ಕೇಳ್ತಿರಲಿಲ್ಲ. ಈಗ ಕೇಳುತ್ತೆ."

ಮರುದಿನ ಅಕ್ಕ ಸ್ಲೇಟು ಹಿಡಿದು ಕೇಂದ್ರಕ್ಕೆ ಬಂದರು.

ನೆನಪಿಡೋಣ

1. ಮಾತ್ರೆ ಪಟ್ಟಿಯ ಮೇಲೆ ಕೆಂಪು ಗೆರೆ ಅಥವಾ ಕೆಂಪು ಚೌಕ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದು.
2. ಪಟ್ಟಿಯ ಮೇಲಿನ ತಿಂಗಳು, ವರ್ಷದ ಅಂಕಿ ಓದಬೇಕು. ಅವಧಿ ಮುಗಿದಿದ್ದರೆ ಬೇಡ.
3. ಚಟ ಹತ್ತಿದ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು. ಡಾಕ್ಟರ ಸಲಹೆಯಂತೆ ಬಿಡಬೇಕು.
4. ಚಟ ಬಿಡಲು ನೆರವು ಬೇಕಾದರೆ 14446ಕ್ಕೆ ಫೋನ್ ಮಾಡಬಹುದು. ಹಣ ಕೊಡಬೇಕಿಲ್ಲ.
5. ನೋವನ್ನು ಮುಚ್ಚುವುದಕ್ಕಿಂತ ನೋವಿನ ಕಾರಣ ಹುಡುಕುವುದು ಮೇಲು.

ಉತ್ತರ ಬರೆಯಿರಿ

1. ಅಫೀಮು ಯಾವ ಗಿಡದಿಂದ ಬರುತ್ತದೆ?
2. ಸೂಜಿ ಚಿಕಿತ್ಸೆ ಯಾವ ದೇಶದ ಪದ್ಧತಿ?
3. ಯಾವ ಯಾವ ನೋವಿಗೆ ನೇರ ಆಸ್ಪತ್ರೆಗೆ ಹೋಗಬೇಕು?

ಕೂಡಿ ಮಾತಾಡೋಣ

ನಿಮ್ಮ ಮನೆಯಲ್ಲಿರುವ ಮಾತ್ರೆ ಪಟ್ಟಿಗಳನ್ನು ನಾಳೆ ಕೇಂದ್ರಕ್ಕೆ ತನ್ನಿ. ಯಾವುದರ ಮೇಲೆ ಕೆಂಪು ಗುರುತು ಇದೆ? ಎಲ್ಲರೂ ಸೇರಿ ನೋಡೋಣ. ಆಶಾ ಕಾರ್ಯಕರ್ತೆಯನ್ನೂ ಕರೆಯೋಣ.